ಎರಡನೇ ಮನೆಯ ಶನಿ

ನನ್ನ ಜಾತಕ ಇರುವುದು ಅಂಗೈ ಅಗಲದ ಒಂದು ಪುಸ್ತಕದಲ್ಲಿ. ನಾಲ್ಕು ಮೂಲೆಗೂ ಅರಿಸಿನ ಹಚ್ಚಿ, ಮೊದಲ ಪುಟಕ್ಕೆ ಶ್ರೀಕಾರ ಹಾಕಿ, ನೀಲಿ ಶಾಯಿಯಲ್ಲಿ ಬರೆದದ್ದು. ಅಮ್ಮ ಅದನ್ನು ಟ್ರಂಕಿನಲ್ಲಿ ತನ್ನ ಧಾರೆ ಸೀರೆಯ ಮಡಿಕೆಯೊಳಗೆ ಇಟ್ಟಿದ್ದಾಳೆ. ತೆಗೆದಾಗಲೆಲ್ಲ ನುಸಿಗುಳಿಗೆಯ ವಾಸನೆ. ಮೂರನೆಯ ಪುಟದಲ್ಲಿ ಹನ್ನೆರಡು ಮನೆಗಳ ಚೌಕ. ಮಿಥುನದಲ್ಲಿ ಲಗ್ನದ ‘ಲ’, ಮಕರದಲ್ಲಿ ಚಂದ್ರನ ‘ಚಂ’, ಲಗ್ನದ ಪಕ್ಕದ ಕರ್ಕಾಟಕದಲ್ಲಿ, ಅಂದರೆ ಎರಡನೇ ಮನೆಯಲ್ಲಿ, ಶನಿಯ ‘ಶ’. ಆ ‘ಶ’ದ ಕೆಳಗೆ ಪೆನ್ಸಿಲಿನಲ್ಲಿ ಎಳೆದ ಒಂದು ಗೆರೆಯಿದೆ. ಜಾತಕ ಬರೆದವರು ಶಾಯಿಯಲ್ಲಿ ಬರೆದಿದ್ದಾರೆ, ಗೆರೆ ಬೇರೆಯವರದು. ಯಾರದೆಂದು ನಾನು ಕೇಳಿರಲಿಲ್ಲ.

ನನಗೆ ಹನ್ನೆರಡು ವರ್ಷವಾಗಿದ್ದಾಗ ಮನೆಗೆ ಒಬ್ಬ ಜೋಯಿಸರು ಬಂದಿದ್ದರು. ಅಣ್ಣನ ಉಪನಯನಕ್ಕೆ ಮುಹೂರ್ತ ಇಡಿಸುವುದಿತ್ತು. ಕೆಲಸ ಮುಗಿದ ಮೇಲೆ ಅಪ್ಪ ನನ್ನ ಜಾತಕವನ್ನೂ ಮುಂದಿಟ್ಟರು. ಕಾಫಿ ಲೋಟಗಳ ತಟ್ಟೆ ಹಿಡಿದು ನಾನು ಬಾಗಿಲಲ್ಲೇ ನಿಂತಿದ್ದೆ. ಅವರು ತಲೆ ಎತ್ತದೆ ಹೇಳಿದರು: “ವಾಕ್‌ಸ್ಥಾನದಲ್ಲಿ ಶನಿ ಕೂತಿದಾನೆ. ಹುಡುಗಿ ಬಾಯಿ ಒರಟು. ಹೋದ ಮನೇಲಿ ಮಾತಿನಿಂದಲೇ ಕಷ್ಟ ತಂದ್ಕೊಳ್ತಾಳೆ. ಈಗಿಂದಲೇ ಹದ್ದುಬಸ್ತಿನಲ್ಲಿಡಿ.”

ಅಂದಿನಿಂದ ನಾನು ಬಾಯಿ ತೆರೆದಾಗಲೆಲ್ಲ ಅಮ್ಮನ ಕಣ್ಣು ನನ್ನ ಕಡೆ ಹೊರಳುತ್ತಿತ್ತು. ಬೈಗುಳವಿಲ್ಲ, ಏಟಿಲ್ಲ, ಬರೀ ಕಣ್ಣು. ನಾನು ಬೇಗ ಕಲಿತೆ. ಎದುರಿಗಿದ್ದವರಿಗೆ ಏನು ಬೇಕೆಂದು ಅವರು ಹೇಳುವ ಮೊದಲೇ ತಿಳಿದುಕೊಳ್ಳುವುದು, ಹೂಂ ಅನ್ನುವುದು, ನಗಿಸುವುದು, ಓಡಿ ಹೋಗಿ ತಂದುಕೊಡುವುದು. ಮೌನಿಯಂತೂ ಆಗಲಿಲ್ಲ. ವಟವಟ ಮಾತಾಡುವ ಹುಡುಗಿಯಾದೆ, ಆದರೆ ಆ ಮಾತುಗಳಲ್ಲಿ ಯಾರಿಗೂ ಚುಚ್ಚುವಂಥದ್ದು ಒಂದೂ ಇರುತ್ತಿರಲಿಲ್ಲ. ನೆಂಟರೆಲ್ಲ “ಪಾದರಸದಂಥ ಹುಡುಗಿ” ಎಂದು ಹೊಗಳಿದರು. ಮಿಥುನ ಲಗ್ನಕ್ಕೆ ಬುಧ ಅಧಿಪತಿ. ಯುರೋಪಿನ ರಸವಾದಿಗಳು ಪಾದರಸವನ್ನು ಬುಧನ ಲೋಹವೆಂದೇ ಎಣಿಸುತ್ತಿದ್ದರು ಎಂದು ಓದಿದಾಗ ನೆಂಟರ ಆ ಮಾತು ನೆನಪಾಯಿತು.

ಪಾದರಸ ಮೂವತ್ತು ವರ್ಷ ಓಡಿತು. ಓದು, ಬ್ಯಾಂಕಿನ ಕೆಲಸ, ಮದುವೆ, ಮಗಳು, ಅತ್ತೆಯವರ ಕಾಯಿಲೆ, ಬಡ್ತಿ. 2017ರಲ್ಲಿ ಒಂದು ಬೆಳಗ್ಗೆ ಒಗ್ಗರಣೆಗೆ ಸಾಸಿವೆ ಹಾಕಿ ನಿಂತಿದ್ದೆ. ಸಾಸಿವೆ ಸಿಡಿಯಿತು, ಕಪ್ಪಾಯಿತು, ಹೊಗೆ ಎದ್ದಿತು. ಮುಂದೆ ಏನು ಮಾಡಬೇಕು ಎಂಬುದು ನನಗೆ ಹೊಳೆಯಲೇ ಇಲ್ಲ. ಕರಿಬೇವು ಕೈಯಲ್ಲೇ ಇತ್ತು. ಮಗಳು ಬಂದು ಸ್ಟೌ ಆರಿಸಿದಳು. ದುಃಖವೇನೂ ಇರಲಿಲ್ಲ. ಒಳಗೆ ನೀರಿನ ಟ್ಯಾಂಕು ಪೂರ್ತಿ ಖಾಲಿಯಾಗಿ, ನಲ್ಲಿ ತಿರುಗಿಸಿದರೆ ಬುಸ್ಸೆಂದು ಗಾಳಿ ಮಾತ್ರ ಬರುವ ಹಾಗೆ. ಥೈರಾಯ್ಡ್, ಹಿಮೋಗ್ಲೋಬಿನ್, ಸಕ್ಕರೆ ಎಲ್ಲ ಪರೀಕ್ಷೆ ಮಾಡಿಸಿದೆ. ಎಲ್ಲವೂ ಸರಿಯಾಗಿತ್ತು. ಇಂಥ ಸುಸ್ತು ಯಾರಿಗೆ ಬಂದರೂ ಮೊದಲು ವೈದ್ಯರ ಹತ್ತಿರವೇ ಹೋಗಬೇಕು, ನಾನು ಮುಂದೆ ಬರೆಯುವುದೆಲ್ಲ ಅದಾದ ಮೇಲಿನ ಮಾತು.

ಫೋನಿನಲ್ಲಿ ಅಮ್ಮ ಹೇಳಿದಳು, “ನಿಂಗೆ ಏಳರಾಟ ಶುರುವಾಗಿದೆ ಕಣೇ. ಜನವರಿಯಲ್ಲೇ ಶನಿ ಧನುಸ್ಸಿಗೆ ಬಂದ.”

ಹುಟ್ಟಿದಾಗ ಚಂದ್ರ ಇದ್ದ ರಾಶಿಯೇ ಜನ್ಮರಾಶಿ, ನನಗೆ ಮಕರ. ಅದರ ಹಿಂದಿನ ಮನೆ, ಜನ್ಮರಾಶಿ, ಅದರ ಮುಂದಿನ ಮನೆ, ಈ ಮೂರನ್ನು ದಾಟಲು ಶನಿಗೆ ಸುಮಾರು ಏಳೂವರೆ ವರ್ಷ ಬೇಕು, ಅದೇ ಏಳರಾಟ. ಸೂರ್ಯನನ್ನು ಒಂದು ಸುತ್ತು ಹಾಕಲು ಅವನಿಗೆ ಸುಮಾರು 29 ವರ್ಷ ಆರು ತಿಂಗಳು, ಹಾಗಾಗಿ ರಾಶಿಗೆ ಎರಡೂವರೆ ವರ್ಷ. ಲೆಕ್ಕ ಇಷ್ಟೇ. ಆದರೆ ಕನ್ನಡದಲ್ಲಿ ಬೆಳೆದವರಿಗೆ ಅದು ಬರೀ ಲೆಕ್ಕವಾಗಿ ಉಳಿಯುವುದಿಲ್ಲ. ಶನಿ ಹೆಗಲೇರಿದ್ದಾನೆ ಅನ್ನುತ್ತೇವೆ, ಗ್ರಹಚಾರ ಕೆಟ್ಟಿದೆ ಅನ್ನುತ್ತೇವೆ, ಸಿಟ್ಟು ಬಂದರೆ ‘ಗ್ರಹಚಾರ ಬಿಡಿಸ್ತೀನಿ’ ಅನ್ನುತ್ತೇವೆ. ಮಗಳಿಗೆ ಗಂಡು ಗೊತ್ತಾಗದಿದ್ದರೆ ಗುರುಬಲ ಬಂದಿಲ್ಲ. ಒಳಗೆ ಆಗುವ ಎಷ್ಟೋ ಸಂಗತಿಗಳಿಗೆ ನಮ್ಮಲ್ಲಿ ಹೆಸರಿರುವುದು ಆಕಾಶದಲ್ಲೇ.

ಅಮ್ಮ ನನ್ನನ್ನು ಪಾವಗಡಕ್ಕೆ ಕರೆದುಕೊಂಡು ಹೋದಳು. ತುಮಕೂರು ಸೀಮೆಯವರಿಗೆ ಶನಿಮಹಾತ್ಮ ಎಂದರೆ ಪಾವಗಡ. ಶನಿವಾರ, ನೂಕುನುಗ್ಗಲು. ಕಪ್ಪು ಬಟ್ಟೆಯಲ್ಲಿ ಎಳ್ಳು ಕಟ್ಟಿದ ಬತ್ತಿಗಳು ಉರಿಯುತ್ತಿದ್ದವು. ಎಣ್ಣೆ ಹೊಗೆಗೆ ಕಣ್ಣುರಿ, ಕಾಲ ಕೆಳಗೆ ಜಿಡ್ಡು. ಜನ ಅಲ್ಲಿ ದೇವರನ್ನು ನೋಡುವ ರೀತಿಯೇ ಬೇರೆ. ತಿರುಪತಿಯಲ್ಲಿ ಕಣ್ತುಂಬ ನೋಡಲು ತಳ್ಳಾಡುತ್ತಾರೆ, ಇಲ್ಲಿ ಹಲವರು ಬದಿಗೆ ನಿಂತು ಕೈ ಮುಗಿಯುತ್ತಿದ್ದರು, ಅವನ ನೇರ ದೃಷ್ಟಿಗೆ ಬೀಳದ ಹಾಗೆ. ನಾನೂ ಹಾಗೆಯೇ ನಿಂತೆ. ಅಮ್ಮ ನನ್ನ ರಟ್ಟೆ ಹಿಡಿದು ಇನ್ನಷ್ಟು ಪಕ್ಕಕ್ಕೆ ಎಳೆದಳು.

ಆಮೇಲೂ ಹಲವು ಸಲ ಹೋಗಿದ್ದೇನೆ. ಈಗ ಅದೇ ತಾಲ್ಲೂಕಿನ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಇದೆ, 2,050 ಮೆಗಾವ್ಯಾಟ್. ಬರಕ್ಕೆ ಹೆಸರಾದ ಸೀಮೆಯಲ್ಲಿ ಕಣ್ಣು ಹಾಯುವವರೆಗೂ ಕಪ್ಪು ಹಲಗೆಗಳು ಆಕಾಶಕ್ಕೆ ಮುಖ ಮಾಡಿ ಮಲಗಿವೆ. ಅಪ್ಪನೂ ಮಗನೂ ಒಂದೇ ತಾಲ್ಲೂಕಿನಲ್ಲಿ ಮನೆ ಮಾಡಿದ್ದಾರೆ ಅನ್ನಿಸಿತು. ಶನಿ ಸೂರ್ಯನ ಮಗನಲ್ಲವೇ.

ಯಾರಿಗೆ ಹುಟ್ಟಿದ ಮಗ? ಸೂರ್ಯನ ಹೆಂಡತಿ ಸಂಜ್ಞೆ ಗಂಡನ ಪ್ರಖರತೆ ತಾಳಲಾರದೆ ತನ್ನ ನೆರಳನ್ನು ತನ್ನ ಜಾಗದಲ್ಲಿ ನಿಲ್ಲಿಸಿ ಮನೆ ಬಿಟ್ಟು ಹೋದಳು. ಆ ನೆರಳೇ ಛಾಯೆ. ಶನಿ ಛಾಯೆಯ ಮಗ. ಜ್ಯೋತಿಷ್ಯದಲ್ಲಿ ಅಪ್ಪ ಮಗನಿಗೆ ಆಗಿಬರುವುದಿಲ್ಲ. ಸೂರ್ಯ ಮೇಷದಲ್ಲಿ ಉಚ್ಚ, ಶನಿ ಅಲ್ಲಿ ನೀಚ. ಶನಿ ತುಲೆಯಲ್ಲಿ ಉಚ್ಚ, ಸೂರ್ಯ ಅಲ್ಲಿ ನೀಚ. ಸೂರ್ಯನ ಸ್ವಂತ ಮನೆ ಸಿಂಹ, ಅದರ ನೇರ ಎದುರಿನ ಕುಂಭ ಶನಿಯದು. ಸೂರ್ಯ ಆತ್ಮಕಾರಕ, ತೇಜಸ್ಸು, ಆರೋಗ್ಯ, ಮುಖದ ಕಳೆ. ಶನಿ ದುಡಿಮೆ, ಮುಪ್ಪು, ಕೊರತೆ, ತಡ. ಈ ಪಟ್ಟಿ ಪಂಚಾಂಗ ತಿಳಿದ ಯಾರಿಗಾದರೂ ಬಾಯಿಪಾಠ. ನನಗೂ ಆಗಿತ್ತು. ಆದರೆ ಬೆಳಕು ಹೆಚ್ಚಾಗಿ ಹೆಂಡತಿ ಓಡಿಹೋದ ಮನೆಯಲ್ಲಿ, ಅವಳು ಬಿಟ್ಟುಹೋದ ನೆರಳಿಗೆ ಹುಟ್ಟಿದವನು ಈ ಮಗ ಎಂದು ನಾನು ನಿಂತು ಯೋಚಿಸಿರಲಿಲ್ಲ. ಅದನ್ನು ಯೋಚಿಸಲು ಸ್ವಿಟ್ಜರ್‌ಲೆಂಡಿನ ಒಬ್ಬ ಪಾದ್ರಿಯ ಮಗ ಬೇಕಾದ.

ಮನೋವೈದ್ಯ ಕಾರ್ಲ್ ಗುಸ್ಟಾವ್ ಯೂಂಗ್ ಹುಟ್ಟಿದ್ದು 1875ರ ಜುಲೈ 26ರಂದು, ಸೂರ್ಯ ಮುಳುಗುವ ಹೊತ್ತಿಗೆ. ಅವರ ಕುಂಡಲಿಯಲ್ಲಿ ಸೂರ್ಯ ಪಶ್ಚಿಮದ ಅಂಚಿನಲ್ಲಿದ್ದಾನೆ, ಎದುರು ಪೂರ್ವದಲ್ಲಿ ಉದಯಿಸುತ್ತಿರುವುದು ಕುಂಭ, ಅದರಲ್ಲಿ ಶನಿ. ಪಾಶ್ಚಾತ್ಯ ಲೆಕ್ಕದಲ್ಲಿ ಅವರು ಸಿಂಹ ಸೂರ್ಯದವರು. ಸ್ಥಿರ ನಕ್ಷತ್ರಗಳನ್ನು ಹಿಡಿದ ನಮ್ಮ ನಿರಯನ ಲೆಕ್ಕದಲ್ಲಿ, ಎರಡು ಲೆಕ್ಕಗಳ ನಡುವಿನ ಅಂತರವಾದ ಅಯನಾಂಶ ಕಳೆದರೆ, ಸೂರ್ಯ ಕರ್ಕಾಟಕಕ್ಕೆ ಬರುತ್ತಾನೆ, ಲಗ್ನ ಮಕರವಾಗುತ್ತದೆ. ಲಗ್ನಾಧಿಪತಿ ಎರಡರಲ್ಲೂ ಶನಿಯೇ. ಯೂಂಗ್‌ಗೆ ಇದೆಲ್ಲ ಗೊತ್ತಿತ್ತು. 1911ರ ಜೂನ್‌ನಲ್ಲಿ ತಮ್ಮ ಗುರು, ಮನೋವಿಶ್ಲೇಷಣೆಯ ಪ್ರವರ್ತಕ ಫ್ರಾಯ್ಡ್‌ಗೆ ಬರೆದ ಪತ್ರದಲ್ಲಿ, ಸಂಜೆಗಳು ಬಹುಪಾಲು ಜ್ಯೋತಿಷ್ಯಕ್ಕೇ ಹೋಗುತ್ತಿವೆ, ಮನಸ್ಸಿನ ಸತ್ಯದ ತಿರುಳು ಸಿಗುತ್ತದೋ ಎಂದು ಕುಂಡಲಿಗಳನ್ನು ಗುಣಿಸುತ್ತಿದ್ದೇನೆ ಎಂದು ಹೇಳಿಕೊಂಡಿದ್ದರು. ಮರುವರ್ಷ ಬರೆದ ಗ್ರಂಥದಲ್ಲಿ ಗುರುವಿನೊಂದಿಗಿನ ಸಂಬಂಧವನ್ನೇ ಮುರಿಯುವಂಥ ಮಾತು ಹೇಳಿದರು. ಫ್ರಾಯ್ಡ್ ಕಾಮದ ಚೌಕಟ್ಟಿನಲ್ಲಿ ನೋಡಿದ ಶಕ್ತಿಯನ್ನು ಅವರು ಒಟ್ಟು ಜೀವಶಕ್ತಿ ಎಂದು ಕರೆದರು. ಆ ಶಕ್ತಿಗೆ ಜಗತ್ತಿನ ಪುರಾಣಗಳು ಹುಡುಕಿಕೊಂಡ ರೂಪ ಸೂರ್ಯ ಎಂದರು. ಸೂರ್ಯ ಸಂಜೆ ಸಮುದ್ರದಲ್ಲಿ ಮುಳುಗುತ್ತಾನೆ, ಇರುಳೆಲ್ಲ ಕೆಳಗೆ ಪಯಣ ಮಾಡುತ್ತಾನೆ, ಬೆಳಗ್ಗೆ ಮತ್ತೆ ಹುಟ್ಟುತ್ತಾನೆ. ಹುರುಪು ಬತ್ತಿದೆ ಅಂದರೆ ಅದು ಸತ್ತಿದೆ ಎಂದಲ್ಲ, ಕೆಳಗಿಳಿದಿದೆ.

ನನ್ನ ಖಾಲಿ ಟ್ಯಾಂಕಿಗೆ ಯಾರಾದರೂ ಸರಿಯಾದ ವಿವರಣೆ ಕೊಟ್ಟಿದ್ದರೆ ಅದು ಇದು. ಒಳಗಿನ ಶಕ್ತಿ ಖರ್ಚಾಗಿ ಹೋಗುವುದಿಲ್ಲ. ನಾವು ಹೊರಗೆ ತೋರಿಸುವ ಮುಖ ತೀರ ಒಂದೇ ಕಡೆಗೆ ವಾಲಿದಾಗ ಅದು ಅಲ್ಲಿ ನಿಲ್ಲಲು ಒಪ್ಪದೆ, ನಾವು ಬೇಡವೆಂದು ತಳ್ಳಿದ್ದರ ಕಡೆಗೆ ಹರಿದುಹೋಗುತ್ತದೆ. ಹೊರಗಿನ ಮುಖವನ್ನು ಯೂಂಗ್ ವೇಷದ ಮುಖವಾಡಕ್ಕೆ ಹೋಲಿಸಿದರು. ತಳ್ಳಿದ್ದನ್ನು ನೆರಳು ಎಂದರು. ನೆರಳಿನಲ್ಲಿ ಕೆಟ್ಟದ್ದು ಮಾತ್ರ ಇರುತ್ತದೆ ಎಂದು ತಿಳಿದವರು ಹೆಚ್ಚು. ಎಳೆಯದರಲ್ಲಿ ಯಾರದೋ ಕಣ್ಣಿಗೆ ಹೆದರಿ ಬಚ್ಚಿಟ್ಟ ಒಳ್ಳೆಯದೂ ಅಲ್ಲೇ ಇರುತ್ತದೆ, ಬೆಳೆಯದೆ, ಅನ್ನವಿಲ್ಲದೆ.

ಯೂಂಗ್ ಇದನ್ನು ಪುಸ್ತಕದಿಂದ ಹೇಳಿದ್ದಲ್ಲ. 1913ರಲ್ಲಿ ಫ್ರಾಯ್ಡ್‌ನಿಂದ ದೂರವಾದಾಗ ಅವರಿಗೆ 38 ವರ್ಷ. ಹೆಸರಿತ್ತು, ಮನೆಯಿತ್ತು, ರೋಗಿಗಳಿದ್ದರು, ಆದರೆ ಕಾಲ ಕೆಳಗೆ ನೆಲವಿರಲಿಲ್ಲ. ಏನೂ ತೋಚದೆ, ಹುಡುಗನಾಗಿದ್ದಾಗ ಕಲ್ಲು ಕಟ್ಟಿ ಆಡುತ್ತಿದ್ದದ್ದು ನೆನಪಾಗಿ, ಜೂರಿಕ್ ಸರೋವರದ ದಡದಲ್ಲಿ ಕಲ್ಲು ಆಯ್ದು ಪುಟ್ಟ ಊರು ಕಟ್ಟಲು ಕೂತರು. ಮಧ್ಯಾಹ್ನ ಊಟವಾದ ಕೂಡಲೇ ಶುರು, ರೋಗಿಗಳು ಬರುವವರೆಗೆ. ಮನೆಗಳು, ಒಂದು ಚರ್ಚು. ಊರಿನ ದೊಡ್ಡ ವೈದ್ಯ ಮಕ್ಕಳಾಟ ಆಡಿದ್ದು ನನ್ನ ಮಟ್ಟಿಗೆ ಅವರ ಬದುಕಿನ ಅತಿ ಧೈರ್ಯದ ಕೆಲಸ. ಅಲ್ಲಿಂದಲೇ ಕನಸಿನ ವ್ಯಕ್ತಿಗಳೊಂದಿಗೆ ಎಚ್ಚರದಲ್ಲಿ ಕೂತು ಮಾತಾಡುವ ಅವರ ವಿಧಾನ ಬೆಳೆಯಿತು.

ಅವರು ನಮ್ಮ ಸೀಮೆಗೂ ಬಂದಿದ್ದರು. 1937–38ರ ಚಳಿಗಾಲದಲ್ಲಿ ವಿಜ್ಞಾನ ಕಾಂಗ್ರೆಸ್ಸಿನ ಬೆಳ್ಳಿಹಬ್ಬಕ್ಕೆಂದು ಭಾರತಕ್ಕೆ ಬಂದವರು ಮೈಸೂರು ಮಹಾರಾಜರ ಅತಿಥಿಯಾಗಿದ್ದು, ಮಹಾರಾಜರಿಗೆ ವೇದಾಂತ ಬೋಧಿಸುತ್ತಿದ್ದ ಸುಬ್ರಹ್ಮಣ್ಯ ಅಯ್ಯರ್ ಅವರ ಜೊತೆ ಆಳವಾಗಿ ಚರ್ಚಿಸಿದರು. ಅದೇ ಪ್ರವಾಸದಲ್ಲಿ ತಿರುವಣ್ಣಾಮಲೈಗೆ ಹೋಗಿ ರಮಣ ಮಹರ್ಷಿಗಳನ್ನು ಕಾಣುವ ಅವಕಾಶವಿದ್ದರೂ ಹೋಗಲಿಲ್ಲ. ಮಹಾತ್ಮರಿಂದ ಅವರ ಸತ್ಯವನ್ನು ಪಡೆದು ತನ್ನದೆಂದುಕೊಂಡರೆ ಅದು ಕಳವಾಗುತ್ತದೆ, ನನ್ನ ಬದುಕಿನಿಂದ ಏನು ಹುಟ್ಟುತ್ತದೋ ಅದರಿಂದಲೇ ನಾನು ಬಾಳಬೇಕು ಎಂಬುದು ಅವರ ನಿಲುವು. ಮೊದಲು ಓದಿದಾಗ ನನಗೆ ಬೇಸರವಾಗಿತ್ತು, ಅಷ್ಟು ಹತ್ತಿರ ಬಂದು ಹೋಗದಿದ್ದದ್ದು ಅಹಂಕಾರವೆನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ.

ಬೆಂಗಳೂರಿಗೂ ಅವರಿಗೂ ಇರುವ ನಂಟು ಇನ್ನೊಂದು. 1947ರ ಸೆಪ್ಟೆಂಬರ್ 6, ಸ್ವಾತಂತ್ರ್ಯ ಬಂದು ಇನ್ನೂ ತಿಂಗಳಾಗಿರಲಿಲ್ಲ. ಅಂದು ಯೂಂಗ್ ಬೆಂಗಳೂರಿನ ಬಿ. ವಿ. ರಾಮನ್ ಅವರಿಗೆ ಒಂದು ಪತ್ರ ಬರೆದರು. ರಾಮನ್ ಎಂದರೆ ‘ದಿ ಅಸ್ಟ್ರಲಾಜಿಕಲ್ ಮ್ಯಾಗಜೀನ್’ ನಡೆಸುತ್ತಿದ್ದವರು. ಸುರುಳಿ ಸುತ್ತಿ ಅಂಚೆಯಲ್ಲಿ ಬರುತ್ತಿದ್ದ ಆ ಪತ್ರಿಕೆಗಾಗಿ ನನ್ನ ಅಪ್ಪ ಕಾಯುತ್ತಿದ್ದರು. ಮೂವತ್ತು ವರ್ಷಕ್ಕೂ ಮೀರಿ ತನಗೆ ಇದರಲ್ಲಿ ಆಸಕ್ತಿಯಿದೆ, ರೋಗನಿರ್ಣಯ ಕಷ್ಟವಾದ ಕಡೆ ಬೇರೆಯೇ ಕೋನದಿಂದ ನೋಡಲೆಂದು ಕುಂಡಲಿ ತರಿಸಿಕೊಳ್ಳುತ್ತೇನೆ, ಬೇರೆ ರೀತಿಯಲ್ಲಿ ಅರ್ಥವಾಗದ ಸಂಗತಿಗಳು ಎಷ್ಟೋ ಸಲ ಅದರಿಂದ ತಿಳಿಯಾಗಿವೆ ಎಂದು ಆ ಪತ್ರ ಹೇಳುತ್ತದೆ. ಮನೆಯಲ್ಲಿ ಇದನ್ನು ಹೇಳಿದರೆ ಎಲ್ಲರೂ ಇಲ್ಲಿಗೇ ನಿಲ್ಲುತ್ತಾರೆ, “ನೋಡು, ಅಂಥವರೇ ಒಪ್ಪಿದಾರೆ!” ಪತ್ರ ಅಲ್ಲಿಗೆ ಮುಗಿಯುವುದಿಲ್ಲ. ಜ್ಯೋತಿಷ್ಯದಲ್ಲಿರುವುದು ಹೊರಗೆ ಬಿಂಬಿಸಿದ ಮನಸ್ಸಿನ ಅನುಭವ, ಮನಸ್ಸಿನ ಸಂಗತಿಗಳೇ ನಕ್ಷತ್ರಪುಂಜಗಳಲ್ಲಿ ಕಾಣಸಿಗುತ್ತವೆ ಎನ್ನುತ್ತಾರೆ ಯೂಂಗ್. ಜ್ಯೋತಿಷ್ಯದ ಬರಹಗಳಲ್ಲಿ ಅಂಕಿಅಂಶದ ಪರೀಕ್ಷೆ ಕಾಣುತ್ತಿಲ್ಲ ಎಂದೂ ಕೊರಗುತ್ತಾರೆ.

ಆ ಪರೀಕ್ಷೆಯನ್ನು ಅವರೇ ಮಾಡಿನೋಡಿದರು. ಒಟ್ಟು 483 ದಂಪತಿಗಳ ಕುಂಡಲಿ ತಾಳೆ ನೋಡಿದರು. ಮೊದಲ 180 ಜೋಡಿಗಳಲ್ಲಿ ಒಬ್ಬರ ಸೂರ್ಯ ಇನ್ನೊಬ್ಬರ ಚಂದ್ರನೊಂದಿಗೆ ಕೂಡುವುದು ಎದ್ದುಕಂಡಿತು. ಲೆಕ್ಕ ಹೆಚ್ಚಿದಂತೆ ಆ ಗುರುತು ಕರಗಿ ಕೈಬಿಟ್ಟಿತು. 1952ರಲ್ಲಿ ಪ್ರಕಟಿಸಿದಾಗ ಇದನ್ನು ಮುಚ್ಚಿಡಲಿಲ್ಲ. ನಾನು ಜಾತಕ ನೋಡುವುದು ಇದೆಲ್ಲವನ್ನೂ ತಿಳಿದೇ. 140 ಕೋಟಿ ಕಿಲೋಮೀಟರ್ ಆಚೆಯ ಅನಿಲದ ಗೋಳ ನನ್ನ ಬಾಯಿಗೆ ಬೀಗ ಹಾಕುತ್ತದೆಂದು ನಾನು ನಂಬುವುದಿಲ್ಲ. ಆದರೆ ಕನಸನ್ನು ಓದುವ ಹಾಗೆ ಜಾತಕವನ್ನು ಓದಬಹುದು ಎಂದು ನಂಬುತ್ತೇನೆ. ಕನಸಿನಲ್ಲಿ ಹಾವು ಬಂತೆಂದರೆ ನಾಳೆ ಹಾವು ಕಚ್ಚುತ್ತದೆ ಎಂದು ಅರ್ಥ ಹೇಳುವವರು ಕನಸಿಗೆ ಎಷ್ಟು ಅನ್ಯಾಯ ಮಾಡುತ್ತಾರೋ, ‘ಎರಡರಲ್ಲಿ ಶನಿ, ಬಾಯಿ ಒರಟು’ ಎಂದು ಹನ್ನೆರಡು ವರ್ಷದ ಮಗುವಿನ ಎದುರು ತೀರ್ಪು ಕೊಡುವವರು ಜಾತಕಕ್ಕೂ ಮಗುವಿಗೂ ಅಷ್ಟೇ ಅನ್ಯಾಯ ಮಾಡುತ್ತಾರೆ.

2018ರ ಕೊನೆಗೆ ನನಗೊಂದು ಕನಸು ಬಿತ್ತು. ಅಜ್ಜಿಯ ಊರಿನ ಹಳೇ ಮನೆ, ಮದುವೆಯ ಪಂಕ್ತಿ. ಹುಳಿ ಬಕೆಟ್ಟು ಹಿಡಿದು ನಾನು ಬಡಿಸುತ್ತ ಓಡುತ್ತಿದ್ದೇನೆ. ಹೊಸ್ತಿಲ ಪಕ್ಕ ಒಬ್ಬ ಹುಡುಗ ಕೂತಿದ್ದಾನೆ. ಕಪ್ಪು, ಒಂದು ಕಾಲು ಒಣಗಿದ ಕಡ್ಡಿಯಂತಿದೆ. ಮುಂದೆ ಎಲೆ ಇದೆ, ಎಲೆಗೆ ನೀರು ಚಿಮುಕಿಸಿಕೊಂಡು ಕಾಯುತ್ತಿದ್ದಾನೆ. ನಾನು ಹೋಗುವಾಗಲೂ ಬರುವಾಗಲೂ ಅವನನ್ನು ದಾಟುತ್ತೇನೆ, ಬಡಿಸುವುದಿಲ್ಲ. ಅವನು ಕೇಳುವುದೂ ಇಲ್ಲ. ಎಲೆಯ ಮೇಲಿನ ನೀರು ಒಣಗುತ್ತಿರುವುದು ನನಗೆ ಕಾಣುತ್ತಿದೆ.

ಆಗ ನಾನು ಒಬ್ಬ ಆಪ್ತಸಮಾಲೋಚಕಿಯನ್ನು ವಾರಕ್ಕೊಮ್ಮೆ ನೋಡುತ್ತಿದ್ದೆ. ಅವರು ಅರ್ಥ ಹೇಳಲಿಲ್ಲ. “ಆ ಹುಡುಗ ಏನಾದರೂ ಹೇಳಿದನಾ?” ಎಂದರು. ಇಲ್ಲ ಅಂದೆ. “ಕೇಳಿ ನೋಡಿ.”

ಮಗಳ ಹಳೆಯ ಲೆಕ್ಕದ ಪುಸ್ತಕದಲ್ಲಿ ಉಳಿದಿದ್ದ ಹಾಳೆಗಳಲ್ಲಿ ರಾತ್ರಿ ಬರೆಯಲು ಕೂತೆ. ಅವನನ್ನು ಕಣ್ಮುಂದೆ ತಂದುಕೊಂಡು ಮಾತಾಡಿಸುವುದು, ಬಂದದ್ದನ್ನು ಬರೆಯುವುದು. ಆ ಪುಸ್ತಕ ಈಗಲೂ ನನ್ನ ಹತ್ತಿರ ಇದೆ. ಮೊದಲ ರಾತ್ರಿಯ ನಾಲ್ಕು ಪುಟವೂ ನನ್ನದೇ ಮಾತು: ಕ್ಷಮಿಸಪ್ಪ, ಗಡಿಬಿಡಿಯಲ್ಲಿದ್ದೆ, ಏನು ಬೇಕು, ಅನ್ನ ಹಾಕಲಾ, ಹೋಳಿಗೆ ಇದೆ, ನಿನ್ನ ಹೆಸರೇನು. ಎರಡನೆಯ ರಾತ್ರಿಯೂ ಅಷ್ಟೇ. ಮೂರನೆಯ ರಾತ್ರಿ ಎರಡು ಪುಟ ಬರೆದ ಮೇಲೆ ಒಂದು ಸಾಲು ತಾನಾಗಿ ಬಂತು, ನಾನು ಬರೆದೆನೆಂದು ಹೇಳಲಾರೆ.

“ನಿನ್ನ ಮಾತು ಮುಗೀಲಿ.”

ಪೆನ್ನು ಕೆಳಗಿಟ್ಟೆ. ಸೀಲಿಂಗ್ ಫ್ಯಾನ್ ತಿರುಗುವ ಸದ್ದು ಕೇಳುತ್ತಿತ್ತು. ಮಾತಾಡದಂತೆ ನನ್ನನ್ನು ಬೆಳೆಸಿದರು ಎಂದು ನಾನು ವರ್ಷಗಟ್ಟಲೆ ಕೊರಗಿದ್ದೆ. ನನ್ನ ಒಳಗೆ ಒಬ್ಬ, ನಾನು ಮಾತು ನಿಲ್ಲಿಸುವುದನ್ನೇ ಕಾಯುತ್ತ ಕೂತಿದ್ದ. ಶನೈಶ್ಚರ ಎಂದರೆ ನಿಧಾನವಾಗಿ ನಡೆಯುವವನು. ಮಂದ ಎಂಬುದು ಅವನ ಇನ್ನೊಂದು ಹೆಸರು. ವಾಕ್‌ಸ್ಥಾನದಲ್ಲಿ ಅವನು ಕೂತಿದ್ದಾನೆಂದರೆ ಮಾತು ಒರಟು ಎಂದು ಏಕೆ ಆಗಬೇಕು? ತಡವಾಗಿ ಬರುವ ಮಾತು, ತೂಕದ ಮಾತು, ಬೇರೆಯವರನ್ನು ಮೆಚ್ಚಿಸುವ ಮಾತೆಲ್ಲ ತೀರಿದ ಮೇಲೆ ಉಳಿಯುವ ಮಾತು ಎಂದೂ ಆಗಬಹುದಲ್ಲ. ಅದೇ ಅಕ್ಷರ, ಅದೇ ಚೌಕ.

ಅದಾಗಿ ಎರಡು ವಾರಕ್ಕೆ ಕಚೇರಿಯಲ್ಲಿ, ಬಿಟ್ಟುಹೋದ ಇಬ್ಬರ ಕೆಲಸವನ್ನು ನನಗೆ ಸೇರಿಸುವ ಮಾತು ಬಂತು. ಎಂದಿನ ಹಾಗೆ ನಾಲಿಗೆ ತುದಿಗೆ ‘ಆಯ್ತು ಸರ್’ ಬಂದಿತ್ತು. ಅದು ಹೋಗಲಿ ಎಂದು ಕಾದೆ. ಕೋಣೆಯಲ್ಲಿ ಮೌನ ಎಷ್ಟು ಹೊತ್ತಿತ್ತೋ, ನನ್ನ ಕಿವಿ ಬಿಸಿಯಾಯಿತು. ಆಮೇಲೆ ಹೇಳಿದೆ, “ಇದು ನನ್ನಿಂದ ಆಗೋದಿಲ್ಲ.” ನನ್ನ ದನಿ ನನಗೇ ಗುರುತು ಸಿಗದಷ್ಟು ತಗ್ಗಿತ್ತು. ಮನೆಗೆ ಬಂದು ಏಳು ಗಂಟೆಗೇ ಮಲಗಿಬಿಟ್ಟೆ. ಹನ್ನೊಂದಕ್ಕೆ ಎಚ್ಚರವಾಯಿತು, ಹೊಟ್ಟೆ ಹಸಿದು. ವರ್ಷಗಳಿಂದ ನಾನು ಗಡಿಯಾರ ನೋಡಿ ಉಣ್ಣುತ್ತಿದ್ದೆ, ಹಸಿವು ಹೀಗಿರುತ್ತದೆಂಬುದೇ ಮರೆತಿತ್ತು. ಆರಿದ ಮುದ್ದೆ, ಬಸ್ಸಾರು, ದೀಪ ಹಾಕದೆ ಅಡುಗೆಮನೆಯಲ್ಲಿ ನಿಂತು ಉಂಡೆ. ಜೀವಕಳೆ, ಚೈತನ್ಯ, ಒಳಗಿನ ಬೆಳಕು ಎಂದೆಲ್ಲ ಓದಿದಾಗ ಈಗಲೂ ನನಗೆ ನೆನಪಾಗುವುದು ಆ ತಣ್ಣನೆಯ ಮುದ್ದೆ.

ಅಜ್ಜಿ, ಅಂದರೆ ಅಮ್ಮನ ಅಮ್ಮ, ಶ್ರಾವಣ ಶನಿವಾರಗಳಲ್ಲಿ ಶನಿಮಹಾತ್ಮೆ ಓದುತ್ತಿದ್ದಳು. ಒಂಬತ್ತು ಗ್ರಹಗಳಲ್ಲಿ ಯಾರು ಹೆಚ್ಚೆಂಬ ಚರ್ಚೆಯಲ್ಲಿ ವಿಕ್ರಮರಾಜ ಶನಿಯನ್ನು ಹಂಗಿಸುತ್ತಾನೆ. ಏಳೂವರೆ ವರ್ಷ ಹಿಡಿಯುತ್ತೇನೆ ಎಂದು ಶನಿ ಹೇಳಿಹೋಗುತ್ತಾನೆ. ಹಾರುವ ಕುದುರೆ ರಾಜನನ್ನು ಕಾಡಿಗೆಸೆಯುತ್ತದೆ, ಪರರಾಜ್ಯದಲ್ಲಿ ಗೋಡೆಯ ಚಿತ್ರದ ಹಂಸ ಮುತ್ತಿನ ಹಾರ ನುಂಗಿ ಅವನ ಮೇಲೆ ಕಳವು ಬರುತ್ತದೆ, ಕೈಕಾಲು ಕಡಿಸುತ್ತಾರೆ. ಒಬ್ಬ ಗಾಣಿಗ ಕನಿಕರದಿಂದ ಎತ್ತಿಕೊಂಡು ಹೋಗಿ ಗಾಣದ ಮೇಲೆ ಕೂರಿಸುತ್ತಾನೆ, ಎತ್ತು ಹೊಡೆಯಲು. ಇಲ್ಲಿಯವರೆಗೆ ಅಜ್ಜಿ ಸರಸರ ಓದುತ್ತಿದ್ದಳು. ಗಾಣದ ಹತ್ತಿರ ಬಂದಾಗ ನಿಧಾನವಾಗುತ್ತಿದ್ದಳು. ಕೈಯಿಲ್ಲ, ಕಾಲಿಲ್ಲ, ರಾಜ್ಯವಿಲ್ಲ, ಹೆಸರೂ ಯಾರಿಗೂ ಗೊತ್ತಿಲ್ಲ. ಎತ್ತು ಸುತ್ತುತ್ತಿದೆ, ಎಣ್ಣೆ ಇಳಿಯುತ್ತಿದೆ. ಇರುಳಿನಲ್ಲಿ ಅವನು ದೀಪಕ ರಾಗ ಹಾಡುತ್ತಾನೆ. ಊರಿನ ಆರಿದ ದೀಪಗಳೆಲ್ಲ ತಾವಾಗಿ ಹೊತ್ತಿಕೊಳ್ಳುತ್ತವೆ.

ರಾಜನಾಗಿದ್ದಾಗ ವಿಕ್ರಮ ಹಾಡಿದ್ದನೇ? ಅಜ್ಜಿ ಓದುತ್ತಿದ್ದ ಕಥೆಯಲ್ಲಿ ಅದರ ಸುದ್ದಿಯಿಲ್ಲ. ಕೈಕಾಲು ಇದ್ದಾಗ, ಸಿಂಹಾಸನ ಇದ್ದಾಗ ಆ ದನಿ ಎಲ್ಲಿತ್ತು? ನಾವು ಈ ಕಥೆಯನ್ನು ಶನಿಯ ಕಾಟದ ಕಥೆಯೆಂದು ಹೆದರಿ ಕೇಳುತ್ತೇವೆ, ತೀರ್ಥ ಪ್ರಸಾದ ತೆಗೆದುಕೊಂಡು ಏಳುತ್ತೇವೆ. ಜೀವಶಕ್ತಿ ಕೆಳಗಿಳಿದು ಎಲ್ಲಿ ಕೂತಿರುತ್ತದೆ, ಯಾವ ಗಾಣದಲ್ಲಿ ಅರೆದು ಹೇಗೆ ಬೆಳಕಾಗುತ್ತದೆ ಎಂದು ಇಷ್ಟು ಸ್ಪಷ್ಟವಾಗಿ ಹೇಳಿದ್ದನ್ನು ನಾನು ಜೂರಿಕ್ಕಿನ ವೈದ್ಯರ ಬರಹಗಳಲ್ಲೂ ಕಂಡಿಲ್ಲ. ಅಜ್ಜಿಯ ಚಾಪೆಗೆ ಮರಳಿ ಬರಲು ನಾನು ಅಷ್ಟು ದೂರ ಸುತ್ತಬೇಕಾಯಿತು.

ಜಾತಕದ ಚೌಕವನ್ನು ಈಗ ತೆಗೆದು ನೋಡಿದಾಗ ಇನ್ನೊಂದು ಕಾಣುತ್ತದೆ. ನಮ್ಮ ಕಡೆಯ ಕುಂಡಲಿಯಲ್ಲಿ ಹನ್ನೆರಡು ಮನೆಗಳು ಅಂಚಿನಲ್ಲಿವೆ, ನಡುವಿನ ದೊಡ್ಡ ಚೌಕದಲ್ಲಿ ಗ್ರಹವಿಲ್ಲ. ‘ರಾಶಿ’ ಎಂದು ಬರೆದು ಬಿಟ್ಟಿರುತ್ತಾರೆ. ಮೊದಲ ಮಹಾಯುದ್ಧದ ಕೊನೆಯ ದಿನಗಳಲ್ಲಿ ಯೂಂಗ್ ಸೈನ್ಯದ ಕೆಲಸದ ಮೇಲೆ ಶಾತೋ-ದೆ ಎಂಬ ಊರಿನಲ್ಲಿದ್ದಾಗ ದಿನಾ ಬೆಳಗ್ಗೆ ಪುಟ್ಟ ಮಂಡಲವೊಂದನ್ನು ಬರೆಯುತ್ತಿದ್ದರು. ಅಂದಂದಿನ ಮನಸ್ಸಿನ ಸ್ಥಿತಿ ಅದರಲ್ಲಿ ಮೂಡುತ್ತಿತ್ತು. ಎಲ್ಲ ದಾರಿಗಳೂ ಒಂದು ನಡುವಿನ ಕಡೆಗೆ ಹೋಗುತ್ತವೆ, ಆ ನಡುವೇ ನಿಜವಾದ ತಾನು ಎಂದು ಅವರಿಗೆ ಆ ವರ್ಷಗಳಲ್ಲಿ ಹೊಳೆಯಿತು. ನನ್ನ ಕುಂಡಲಿಯ ನಡುವನ್ನು ಯಾವ ಗ್ರಹಕ್ಕೂ ಕೊಟ್ಟಿಲ್ಲ. ಪಾದರಸ ನಾನಲ್ಲ, ಕುಂಟ ಹುಡುಗನೂ ನಾನಲ್ಲ. ಇಬ್ಬರೂ ಅಂಚಿನ ಮನೆಗಳವರು.

ದೃಕ್ ಪಂಚಾಂಗದ ಪ್ರಕಾರ 2025ರ ಮಾರ್ಚ್ 29ಕ್ಕೆ ಶನಿ ಕುಂಭ ದಾಟಿ ಮೀನಕ್ಕೆ ಹೋದ, ನನ್ನ ಏಳರಾಟ ಮುಗಿಯಿತು. “ಬಿಡುಗಡೆ ಆಯ್ತಲ್ಲ” ಎಂದು ನೆಂಟರು ಫೋನ್ ಮಾಡಿದರು. ನಾನು ಶನಿವಾರದ ಎಳ್ಳೆಣ್ಣೆ ದೀಪ ಬಿಟ್ಟಿಲ್ಲ. ಪಾವಗಡದಲ್ಲಿ ಈಗ ಎದುರಿಗೇ ನಿಲ್ಲುತ್ತೇನೆ.

ಆ ಮೇ ತಿಂಗಳಲ್ಲಿ ಅಮ್ಮನ ಮನೆಗೆ ಹೋಗಿದ್ದೆ. ಮಳೆ ಹುಯ್ದು ಕರೆಂಟು ಹೋಗಿತ್ತು. ಮಗಳ ಜಾತಕ ಹುಡುಕುತ್ತ ಅಮ್ಮ ಟ್ರಂಕು ತೆಗೆದಿದ್ದಳು, ನನ್ನದೂ ಹೊರಗೆ ಬಂತು. ಟಾರ್ಚಿನ ಬೆಳಕಿನಲ್ಲಿ ಆ ಪುಟ ತೋರಿಸಿ ಕೇಳಿದೆ, “ಅಮ್ಮ, ಈ ಗೆರೆ ಯಾರು ಎಳೆದಿದ್ದು?”

ಅಮ್ಮ ಬಹಳ ಹೊತ್ತು ಏನೂ ಅನ್ನಲಿಲ್ಲ. ಮೊದಲಾಗಿದ್ದರೆ ನಾನು ಅಷ್ಟರಲ್ಲಿ ಹತ್ತು ಮಾತಾಡಿ ಅವಳನ್ನು ತಪ್ಪಿಸಿಬಿಡುತ್ತಿದ್ದೆ. ಸುಮ್ಮನೆ ಕೂತೆ.

“ನಾನೇ,” ಅಂದಳು.

ಆಮೇಲೆ ಒಂದೊಂದೇ ಬಂತು. ನಾನು ಹೊಟ್ಟೆಯಲ್ಲಿದ್ದಾಗ, ಹಬ್ಬಕ್ಕೆ ಬಂದ ನೆಂಟರ ಮುಂದೆ ಅವಳ ಅತ್ತೆ ಅವಳ ತವರನ್ನು ಏನೋ ಅಂದರಂತೆ. ಅಮ್ಮ ಒಂದೇ ಒಂದು ಮಾತು ಹೇಳಿದಳಂತೆ. ಮಾರನೇ ದಿನವೇ ತವರಿಗೆ ಕಳಿಸಿದರು. ಎಂಟು ತಿಂಗಳು. ನಾನು ಹುಟ್ಟಿದ್ದು ಅಲ್ಲೇ, ಅಪ್ಪ ನನ್ನನ್ನು ನೋಡಲು ಬಂದಾಗ ನನಗೆ ಮೂರು ತಿಂಗಳು. “ಅಷ್ಟು ದಿನವೂ ನಿಮ್ಮಜ್ಜಿ ಶ್ರಾವಣ ಅಂತ ನೋಡದೆ ಶನಿವಾರ ಶನಿವಾರ ವಿಕ್ರಮನ ಕಥೆ ಓದೋಳು. ಜೋಯಿಸರು ನಿಂಗೂ ಮಾತಿನ ಮನೇಲಿ ಶನಿ ಅಂದಾಗ ನಂಗೆ ಎದೆ ಝಲ್ಲಂತು. ನನ್ನ ಹಾಗೇ ಆಗಬಾರದು ಅಂತ ಗೆರೆ ಎಳೆದೆ ಕಣೇ.”

ತಂದೆತಾಯಿ ಬದುಕದೆ ಬಿಟ್ಟದ್ದರ ಭಾರ ಮಕ್ಕಳ ಮೇಲೆ ಬೀಳುತ್ತದೆ ಎಂದು ಯೂಂಗ್ ಹೇಳಿದ್ದನ್ನು ನಾನು ಎಷ್ಟೋ ಸಲ ಓದಿದ್ದೆ. ಆ ಭಾರಕ್ಕೆ ಪೆನ್ಸಿಲಿನ ಗೆರೆಯ ಆಕಾರವಿತ್ತು.

“ಏನಂದೆ ಅಮ್ಮ ಆವತ್ತು?”

ಅಮ್ಮ ಸೆರಗಿನಿಂದ ಕೈ ಒರೆಸಿಕೊಂಡಳು. ಹೊರಗೆ ಹೆಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. “ನಮ್ಮಪ್ಪ ಕೊಟ್ಟಿದ್ದು ಮಗಳನ್ನ, ಆಳನ್ನಲ್ಲ ಅಂದೆ.”

ಇನ್ನೊಂದು ಸಲ ಹೇಳು ಅಂದೆ. ಹೇಳಿದಳು, ಈ ಸಲ ಇನ್ನೂ ನಿಧಾನವಾಗಿ.